ಚಿಕ್ಕಮ್ಮ ಪ್ರೊಸೆಸರ್ ಬದಲಿಸಿದ ಮಧ್ಯಾಹ್ನ

ಬೆಳಿಗ್ಗೆ ಮಗಳಿಗೆ ಇಂಜೆಕ್ಷನ್ ಕೊಡಿಸಲು ಹೋಗಿದ್ದೆ. ನರ್ಸ್ ಹತ್ತಿಗೆ ಸ್ಪಿರಿಟ್ ಹಾಕಿದ್ದೇ ತಡ, ಆ ವಾಸನೆಗೆ ಬೂದಿಗೆರೆಯ ನಮ್ಮ ನಡುಮನೆ ನೆನಪಾಯಿತು.

ಆಗ ನಮ್ಮೂರಿನ ಹತ್ತಿರ ಏರ್‌ಪೋರ್ಟ್ ಹೊಸದಾಗಿ ಶುರುವಾಗಿತ್ತು. ಅಲ್ಲಿ ಕೆಲಸ ಹಿಡಿಯಬೇಕೆಂದು ಊರಿನ ಹುಡುಗಿಯರು ನಮ್ಮ ಚಿಕ್ಕಮ್ಮನ ಹತ್ತಿರ ಕಂಪ್ಯೂಟರ್ ಕಲಿಯಲು ಬರುತ್ತಿದ್ದರು. ಇದ್ದದ್ದು ಒಂದೇ ಕಂಪ್ಯೂಟರ್, ಅದೂ ತೀರಾ ನಿಧಾನ. ಅದರ ಬೋರ್ಡಿಗೆ ಹೊಂದುವ, ಇನ್ನೂ ಚುರುಕಾದ ಪ್ರೊಸೆಸರ್ ಒಂದನ್ನು ಚಿಕ್ಕಮ್ಮ ಪೇಟೆಯಿಂದ ತಂದಳು. ತಾನೇ ಹಾಕುತ್ತೇನೆ ಎಂದಳು.

"ಕೆಟ್ಟೋದ್ರೆ ಆ ಹೆಣ್ಮಕ್ಳಿಗೆ ಏನ್ ಹೇಳ್ತೀಯೇ?" ಎಂದಳು ಅಜ್ಜಿ.

ಚಿಕ್ಕಮ್ಮ ಪ್ಲಗ್ ಕಿತ್ತಳು. ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆ ಮುಟ್ಟಿ ತನ್ನ ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಸಿಕೊಂಡಳು. ಹಳೆಯ ಪ್ರೊಸೆಸರ್ ಮೇಲಿನ ಫ್ಯಾನ್ ಬಿಚ್ಚಿ, ಬಿಸಿ ಸಾಗಿಸಲು ಹಚ್ಚಿದ್ದು ಒಣಗಿಹೋಗಿದ್ದ ಪೇಸ್ಟನ್ನು ಸ್ಪಿರಿಟ್‌ನಲ್ಲಿ ಒರೆಸಿದಳು. ಹಳೆಯದನ್ನು ತೆಗೆದು ಹೊಸದನ್ನು ಇಟ್ಟಳು. ಅದು ಕೂರಲಿಲ್ಲ. ಎತ್ತಿ ಬೆಳಕಿಗೆ ಹಿಡಿದರೆ ಅದರ ಸೂಜಿಯಂಥ ಕಾಲುಗಳಲ್ಲಿ ಒಂದು ಬಾಗಿತ್ತು.

"ಒಂಚೂರು ಒತ್ತಿಬಿಡು ಚಿಕ್ಕಮ್ಮ," ಎಂದೆ.

"ಬೇಡ ಕಣೇ, ಮುರ್ದೋಗುತ್ತೆ. ಸರಿಯಾಗಿದ್ರೆ ತಾನೇ ಕೂರುತ್ತೆ."

ಹೊಲಿಗೆ ಸೂಜಿಯಿಂದ ಆ ಕಾಲನ್ನು ಮೆಲ್ಲಗೆ ನೇರ ಮಾಡಿದಳು. ಅವಳ ಹಣೆಯ ಬೆವರನ್ನು ಅಜ್ಜಿ ಸೆರಗಿನಿಂದ ಒರೆಸುತ್ತಿದ್ದಳು. ಮೂಲೆಯ ಗುರುತಿಗೆ ಗುರುತು ಸೇರಿಸಿ ಇಟ್ಟಾಗ ಪ್ರೊಸೆಸರ್ ತಾನಾಗಿ ಒಳಗಿಳಿಯಿತು. ಹೊಸ ಪೇಸ್ಟ್ ಒಂದು ಹನಿ ಇಟ್ಟು ಫ್ಯಾನ್ ಬಿಗಿದಳು.

ಸ್ವಿಚ್ ಹಾಕಿದಾಗ ಫ್ಯಾನ್ ತಿರುಗಿತು, ಪರದೆ ಬೆಳಗಿತು. ಅಜ್ಜಿ ಹೊರಗೆ ಹೋಗಿ, ಜಗಲಿಯಲ್ಲಿ ಕಾಯುತ್ತಿದ್ದ ಹುಡುಗಿಯರನ್ನು, "ಬನ್ರಮ್ಮ ಒಳಕ್ಕೆ," ಎಂದು ಕರೆದಳು.

ಆಸ್ಪತ್ರೆಯಿಂದಲೇ ಚಿಕ್ಕಮ್ಮನಿಗೆ ಫೋನ್ ಮಾಡಿದೆ. "ಯಾರ್ದೋ ಲ್ಯಾಪ್‌ಟಾಪ್ ಬಿಚ್ಕೊಂಡು ಕೂತಿದೀನಿ, ಆಮೇಲ್ ಮಾತಾಡ್ತೀನಿ," ಎಂದು ಫೋನ್ ಇಟ್ಟಳು.