ಕತ್ತರಿ ಅಕ್ಕನ ಬಲಭುಜ

ಬಸ್ ಡಿಪೋ ಎದುರಿನ ಗಲ್ಲಿಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟವಳನ್ನು ಎಲ್ಲರೂ ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು. ತಲೆ ಬಗ್ಗಿಸಿ ಕೂತವರ ಮನೆಕಥೆಯನ್ನೆಲ್ಲ ಕೇಳಿಸಿಕೊಂಡು, ಹೊರಗೆ ತುಟಿ ಬಿಚ್ಚದವಳು. ತನ್ನ ನೋವನ್ನೂ ಹಾಗೆಯೇ ಬಚ್ಚಿಟ್ಟಳು. ಬಲಭುಜ ಬಿಗಿದುಕೊಂಡು ವರ್ಷ ದಾಟಿದರೂ ಗಂಡನಿಗೆ ಹೇಳಿರಲಿಲ್ಲ. ಮಾತ್ರೆ ನುಂಗಿದಳು, ಇಂಜೆಕ್ಷನ್ ಹಾಕಿಸಿಕೊಂಡಳು. ನೋವು ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಗಂಡ ಬಸ್ ಡ್ರೈವರ್, ಮಾತು ಕಮ್ಮಿ. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಸೊಂಟ ಮುಟ್ಟುತ್ತಿದ್ದ ಹೆಂಡತಿಯ ಜಡೆ ಇರಲಿಲ್ಲ; ಕೂದಲು ಕಿವಿಯ ಮಟ್ಟಕ್ಕೆ ಬಂದಿತ್ತು. ಸೆಖೆ ಅಂತ ಕತ್ತರಿಸಿಕೊಂಡೆ ಎಂದು ಅವಳು ಮೊದಲು ತೇಲಿಸಿದಳು. ಅವನು ನೋಡುತ್ತಲೇ ಇದ್ದುದರಿಂದ, ಬಾಚಲು ಕೈ ಏಳುತ್ತಿಲ್ಲ ಎಂದು ಒಪ್ಪಿಕೊಂಡಳು.

"ಹೇಳಿದ್ರೆ ನಾನೇ ಬಾಚ್ತಿರಲಿಲ್ವಾ?" ಎಂದ.

"ನೀವಾ? ಬಾಚಣಿಗೇನ ಗೇರ್ ಥರ ಎಳೀತಿದ್ರಿ."

ನಗಲು ಹೋದವಳಿಗೆ ಅಳು ಬಂತು.

ಅವನು ರಜೆ ಹಾಕಿ ದೊಡ್ಡಾಸ್ಪತ್ರೆಗೆ ಕರೆದೊಯ್ದ. ಬಹುದಿನ ಉರಿಯೂತವಿದ್ದ ಕೀಲಿನ ಸುತ್ತ ಬೇಡದ ಸಣ್ಣ ರಕ್ತನಾಳಗಳು ಹುಟ್ಟಿಕೊಳ್ಳುತ್ತವೆ, ಅವುಗಳ ಜೊತೆ ನೋವಿನ ನರಗಳೂ ಬೆಳೆಯುತ್ತವೆ ಎಂದು ಅಲ್ಲಿನ ಡಾಕ್ಟರಮ್ಮ ವಿವರಿಸಿದರು. ಮಣಿಕಟ್ಟಿನಿಂದ ನೂಲಿನಂಥ ಕೊಳವೆ ತೂರಿಸಿ, ಮರಳಿಗಿಂತ ಸಣ್ಣ ಕಣಗಳಿಂದ ಆ ನಾಳಗಳನ್ನು ಮುಚ್ಚಬಹುದಂತೆ. ಇದು ಹೊಸ ಚಿಕಿತ್ಸೆ, ಎಲ್ಲರಿಗೂ ಒಂದೇ ಥರ ಗುಣವಾಗುವುದಿಲ್ಲ ಎಂಬುದನ್ನೂ ಅವರು ಮರೆಮಾಚಲಿಲ್ಲ.

ಅಕ್ಕ ಒಪ್ಪಿದಳು. ಚಿಕಿತ್ಸೆಯ ದಿನ ಮೇಜಿನ ಮೇಲೆ ಮಲಗಿದಾಗ ಜೀವ ಬಾಯಿಗೆ ಬಂದಿತ್ತು. ಮಣಿಕಟ್ಟನ್ನಷ್ಟೇ ಮರಗಟ್ಟಿಸಿದ್ದರು, ಅವಳಿಗೆ ಎಚ್ಚರವಿತ್ತು. ಪರದೆಯ ಮೇಲೆ ತನ್ನದೇ ಭುಜದ ನಾಳಗಳು ಕಂಡವು.

"ಇಷ್ಟೊಂದು ಸಿಕ್ಕಾ? ನನ್ನ ಅಂಗಡೀಲಾಗಿದ್ರೆ ಎಣ್ಣೆ ಹಚ್ಚಿ ಬಿಡಿಸ್ತಿದ್ದೆ" ಎಂದಳು. ಡಾಕ್ಟರಮ್ಮ ನಕ್ಕು, ಕೈ ಅಲ್ಲಾಡಿಸಬೇಡಿ ಎಂದರು.

ಹೊರಗೆ ಬಂದಾಗ ಗಂಡ ಬೆಂಚಿನ ತುದಿಯಲ್ಲಿ ಅವಳ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

ಮೊದಮೊದಲು ಏನೂ ಬದಲಾಗಲಿಲ್ಲ. ಅವಳು ಮುಖ ಊದಿಸಿಕೊಂಡೇ ಇದ್ದಳು. ಅವನು ಮಾತ್ರ ದಿನವೂ ಅವಳ ಮೊಣಕೈ ಹಿಡಿದು ಗೋಡೆಯ ಮುಂದೆ ವ್ಯಾಯಾಮಕ್ಕೆ ನಿಲ್ಲಿಸುತ್ತಿದ್ದ. ವಾರಗಳು ಉರುಳಿದಂತೆ ನೋವು ಹಿಂದೆ ಸರಿಯತೊಡಗಿತು. ವರ್ಷದಿಂದ ಎಡಮಗ್ಗುಲಾಗಿ ಗೋಡೆ ನೋಡುತ್ತ ಮಲಗುತ್ತಿದ್ದವಳು ಒಂದು ಬೆಳಗ್ಗೆ ಕಣ್ಣು ಬಿಟ್ಟಾಗ, ಬಲಭುಜದ ಮೇಲೆ ಭಾರ ಹಾಕಿ ಅವನ ಕಡೆ ತಿರುಗಿದ್ದಳು. ಅಲುಗದೆ ಹಾಗೇ ನೋಡುತ್ತ ಮಲಗಿದಳು. ಸ್ವಲ್ಪ ಹೊತ್ತಿಗೆ ಅವನಿಗೂ ಎಚ್ಚರವಾಯಿತು.

"ನೋಯ್ತಿಲ್ವಾ?"

"ಇಲ್ಲ. ಇನ್ನೊಂಚೂರು ಮಲ್ಕೊಳ್ಳಿ."

ಕೈ ಇನ್ನೂ ಪೂರ್ತಿ ಮೇಲೇಳುವುದಿಲ್ಲ. ಎತ್ತರದ ಗಿರಾಕಿಗಳನ್ನು ತಗ್ಗು ಸ್ಟೂಲಿನ ಮೇಲೆ ಕೂರಿಸಿಕೊಂಡು ಕತ್ತರಿ ಹಿಡಿಯುತ್ತಾಳೆ.