ಫೂಂಗ್ ಸರ್ ಅವರನ್ನು ಫೇಲು ಮಾಡಿದ್ದು

ಮಲೇಷ್ಯಾದ ಇಪೋ ಊರಿನ ಒಂದು ಸಣ್ಣ ಖಾಸಗಿ ಕಾಲೇಜಿನಲ್ಲಿ ನನಗೆ ಮೊದಲು ಪ್ರೋಗ್ರಾಂ ಬರೆಯಲು ಕಲಿಸಿದವರು ಫೂಂಗ್ ಕಾಮ್ ವೆಂಗ್. ಬರೀ ಡಿಪ್ಲೊಮಾ ಓದಿದ ಮನುಷ್ಯ. ನಾನು ಅಳುಮುಖ ಮಾಡಿದಾಗಲೆಲ್ಲ, "ಮಲರ್, ಕಂಪ್ಯೂಟರನ್ನ ಬೈಬೇಡ. ನೀನು ಹೇಳಿದ್ದನ್ನೇ ಅದು ಮಾಡಿರೋದು," ಎಂದು ನಗುತ್ತಿದ್ದರು.

ಅವರು ಇಪ್ಪತ್ತೆರಡು ವರ್ಷ ಪಾಠ ಮಾಡಿದ ಮೇಲೆ ಕಾಲೇಜು ಕಾಗದ ಕೊಟ್ಟಿತು: ಸ್ನಾತಕೋತ್ತರ ಪದವಿ ಇಲ್ಲದವರು ಮೂರು ವರ್ಷದ ನಂತರ ಪಾಠ ಮಾಡುವಂತಿಲ್ಲ. ಐವತ್ತಮೂರನೇ ವಯಸ್ಸಿನಲ್ಲಿ ಅವರು, ಕೆಲಸದ ಅನುಭವದ ಮೇಲೆ ಪ್ರವೇಶ ಪಡೆದು, ವಿಶ್ವವಿದ್ಯಾಲಯದ ವಾರಾಂತ್ಯದ ಸ್ನಾತಕೋತ್ತರ ತರಗತಿಗೆ ಸೇರಿದರು. ಅಲ್ಲಿ ಅಲ್ಗಾರಿದಮ್ ಸಿದ್ಧಾಂತ ಕಲಿಸುತ್ತಿದ್ದವಳು ನಾನು.

ಮೊದಲ ದಿನ ಎಲ್ಲರೆದುರು ನನ್ನನ್ನು "ಡಾಕ್ಟರ್, ನೀವು" ಎಂದರು. ನನ್ನ ಕಿವಿ ಬಿಸಿಯಾಯಿತು.

"ಅಂಕಲ್, ನಮ್ಮ ಜೊತೆ ಕಾಂಪಿಟೇಶನ್ನಾ?" ಎಂದು ಹಿಂದಿನ ಬೆಂಚಿನವನೊಬ್ಬ ಕೆಣಕಿದ.

"ಹೂಂ ಕಣಪ್ಪ. ನಿನಗಿಂತ ಮೊದಲೇ ಪಾಸಾಗ್ತೀನಿ, ನೋಡ್ತಿರು."

ಉಳಿದ ವಿಷಯಗಳಲ್ಲೆಲ್ಲ ಪಾಸಾದರು. ಗುಂಪಿನ ಪ್ರಾಜೆಕ್ಟಿನಲ್ಲಿ ಆ ಹುಡುಗರ ಅರ್ಧ ಕೆಲಸ ಇವರದೇ. ಸಿಕ್ಕಿಬಿದ್ದದ್ದು ನನ್ನ ವಿಷಯದಲ್ಲಿ. ಒಂದು ವಿಧಾನ ಎಂಥ ಸಂದರ್ಭದಲ್ಲೂ ಸರಿಯಾದ ಉತ್ತರ ಕೊಡುತ್ತದೆಂದು ತರ್ಕದಿಂದ ಸಾಧಿಸಿ ಬರೆಯಬೇಕಿತ್ತು. ಅವರು ಆ ಜಾಗದಲ್ಲಿ ಅಚ್ಚುಕಟ್ಟಾದ ಪ್ರೋಗ್ರಾಂ ಬರೆದಿಡುತ್ತಿದ್ದರು.

"ಓಡುತ್ತಲ್ಲ ಡಾಕ್ಟರ್? ನೂರು ಸಲ ಓಡಿಸಿ ನೋಡಿದೀನಿ."

"ನೂರಾ ಒಂದನೇ ಸಲ ತಪ್ಪಾಗಲ್ಲ ಅಂತ ಹೇಗೆ ಹೇಳ್ತೀರಿ ಸರ್? ಅದನ್ನೇ ಬರೀಬೇಕು."

"ನನಗೆ ಗೊತ್ತಾಗುತ್ತೆ. ಬರೆಯೋಕೆ ಬರಲ್ಲ."

ಪಾಸಾಗಲು ಐವತ್ತು ಬೇಕು; ನಲವತ್ತಾರು ಬಂತು. ಆಮೇಲೆ ಆರು ಭಾನುವಾರ ಅವರನ್ನು ಕೂರಿಸಿಕೊಂಡು ಹೇಳಿಕೊಟ್ಟೆ. ಎರಡನೇ ಸಲ ನಲವತ್ತನಾಲ್ಕು. ಎರಡು ಸಲ ಫೇಲಾದವರಿಗೆ ಮೂರನೇ ಅವಕಾಶವಿಲ್ಲ. ಹೆಸರು ಮುಚ್ಚಿ ಸಹೋದ್ಯೋಗಿಯೊಬ್ಬರಿಗೆ ಉತ್ತರಪತ್ರಿಕೆ ಕೊಟ್ಟೆ. ಅವರು ನನಗಿಂತ ಎರಡು ಅಂಕ ಕಮ್ಮಿ ಕೊಟ್ಟರು. ನಾನು ಪಟ್ಟಿಗೆ ಸಹಿ ಹಾಕಿದೆ.

ಮರುದಿನ ಅವರೇ ಕಾಫಿಗೆ ಕರೆದರು. ಟೋಸ್ಟ್ ತರಿಸಿದರು, ಇಬ್ಬರೂ ಮುಟ್ಟಲಿಲ್ಲ.

"ಸರ್, ನಾನು..."

"ನೀನು ಸರಿಯಾಗೇ ತಿದ್ದಿದೀಯ, ಮಲರ್. ಅಂಕ ಕೂಡಿಸಿ ಕೊಟ್ಟಿದ್ರೆ ನಿನ್ನ ಮುಖ ನೋಡೋಕಾಗ್ತಿರಲಿಲ್ಲ."

"ಈಗ ಏನ್ ಮಾಡ್ತೀರಿ?"

"ನಮ್ಮ ಕಾಲೇಜಲ್ಲೇ ಲ್ಯಾಬ್ ನೋಡ್ಕೊಳ್ಳೋ ಕೆಲಸ ಇದೆಯಂತೆ. ಬಾಗಿಲು ತೆಗೆಯೋದು, ಹಾಕೋದು."

ಸಮಾಧಾನ ಹೇಳಬಂದವರಂತೆ ಹೇಳಿದರು. ಲೋಟ ಎತ್ತಿದಾಗ ಕಾಫಿ ತುಳುಕಿ ಅಂಗಿಯ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ.

ಮುಂದಿನ ವರ್ಷ ಆ ಕಾಲೇಜಿಗೆ ಪರೀಕ್ಷಕಳಾಗಿ ಹೋದೆ. ಲ್ಯಾಬಿನಲ್ಲಿ ಫೂಂಗ್ ಸರ್ ಅವರೇ ಕುರ್ಚಿ ತಂದು ಹಾಕಿದರು. ಮೈ ಇಳಿದುಹೋಗಿತ್ತು. ಪರೀಕ್ಷೆ ಮರುದಿನವಿತ್ತು; ಅಭ್ಯಾಸ ಮಾಡುತ್ತಿದ್ದ ಹುಡುಗಿಯೊಬ್ಬಳ ಪ್ರೋಗ್ರಾಂ ನಿಂತುಬಿಟ್ಟಿತ್ತು.

"ಅಂಕಲ್, ಎಲ್ಲಿ ತಪ್ಪಿದೆ, ಒಂಚೂರು ನೋಡಿ ಪ್ಲೀಸ್," ಎಂದಳು.

ಅವರು ಬಗ್ಗಿ ನೋಡಿದರು. ತುಟಿ ಅಲುಗಿತು. ಆಮೇಲೆ ನೆಟ್ಟಗೆ ನಿಂತರು.

"ನಾನೀಗ ಪಾಠ ಹೇಳೋ ಹಾಗಿಲ್ಲಮ್ಮ. ನಿಮ್ಮ ಮೇಡಂನ ಕೇಳು."

ಅವಳಿಗೆ ಪಾಠ ಮಾಡುವ ಮೇಡಂ ಅಂದು ರಜೆಯಲ್ಲಿದ್ದರು. ಹುಡುಗಿ ಗಂಟೆ ಹೊಡೆಯುವ ತನಕ ಪರದೆ ನೋಡುತ್ತ ಕೂತಳು. ಪರೀಕ್ಷಕಳಾದ ನಾನೂ ಹೇಳುವಂತಿರಲಿಲ್ಲ. ಫೂಂಗ್ ಸರ್ ಒಂದೊಂದೇ ಕಿಟಕಿ ಮುಚ್ಚುತ್ತಾ ಹೋದರು.