ಕಿವಿ ಮೇಸ್ತ್ರಿಯ ಇಪ್ಪತ್ತಾರು ಮಷಿನ್‌ಗಳು

ನಮ್ಮ ಭಾವನನ್ನು ಊರೆಲ್ಲ ಕಿವಿ ಮೇಸ್ತ್ರಿ ಎಂದೇ ಕರೆಯುತ್ತದೆ. ಬಟ್ಟೆ ಒಗೆಯುವ ಮಷಿನ್ ರಿಪೇರಿ ಮಾಡುವವರು ಮೊದಲು ಸ್ಕ್ರೂಡ್ರೈವರ್ ತೆಗೆಯಬೇಕು ತಾನೇ? ಇವರು ಮೊದಲು ಮಂಡಿಯೂರಿ ಮಷಿನ್ನಿನ ಪಕ್ಕಕ್ಕೆ ಕಿವಿ ಹಚ್ಚುತ್ತಾರೆ. ಎರಡು ನಿಮಿಷ ಕಣ್ಣು ಮುಚ್ಚಿ ಕೂತು, ಬೇರಿಂಗ್ ಹೋಗಿದೆ ಎಂದೋ, ಯಾರದೋ ಅಂಗಿಯ ಗುಂಡಿ ಪೈಪಿನಲ್ಲಿ ಸಿಕ್ಕಿಕೊಂಡಿದೆ ಎಂದೋ ಹೇಳುತ್ತಾರೆ. ಹೇಳಿದ್ದು ಸುಳ್ಳಾದದ್ದನ್ನು ನಾನು ಕಂಡಿಲ್ಲ. ಅಕ್ಕ ಮಾತ್ರ, "ಮಷಿನ್ ಹೇಳೋದೆಲ್ಲ ಕೇಳ್ಸುತ್ತೆ, ಹೆಂಡ್ತಿ ಹೇಳೋದು ಒಂದೂ ಕೇಳ್ಸಲ್ಲ" ಎಂದು ಮೂಗು ಮುರಿಯುತ್ತಾಳೆ.

ನಾನು ಅವರ ನಾದಿನಿ. ಭಾವನನ್ನು ಹೊಗಳುವುದು ನನ್ನ ಜಾಯಮಾನವಲ್ಲ, ಕಾಲೆಳೆಯುವುದೇ ನನ್ನ ಕೆಲಸ. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಎರಡು ತೊಟ್ಟಿಯ ಹಳೇ ಮಷಿನ್ ಎಂದರೆ ಅವರಿಗೆ ಪ್ರಾಣ. ಒಂದು ತೊಟ್ಟಿಯಲ್ಲಿ ಒಗೆದು, ಬಟ್ಟೆಯನ್ನು ಕೈಯಿಂದ ಎತ್ತಿ ಪಕ್ಕದ ಸಣ್ಣ ತೊಟ್ಟಿಗೆ ಹಾಕಿದರೆ ಅದು ಗಿರ್ರನೆ ತಿರುಗಿ ನೀರು ಹಿಂಡುತ್ತದೆ. ಬೇರೆ ಮೆಕ್ಯಾನಿಕ್‌ಗಳು ಗುಜರಿಗೆ ಹಾಕಿ ಎಂದ ಮಷಿನ್ನನ್ನು ಇವರು ಅಂಗಡಿಗೆ ತಂದು, ವಾಶರು, ಬುಷ್ಷು, ಬೆಲ್ಟು ಬದಲಿಸಿ, ಕಾಲಿನ ಎತ್ತರವನ್ನು ಕೂದಲೆಳೆಯಷ್ಟು ಸರಿಮಾಡಿ ಮನೆಗೆ ಕಳಿಸುತ್ತಿದ್ದರು. ಅದು ಮತ್ತೆ ಹತ್ತು ಹದಿನೈದು ವರ್ಷ ನಡೆಯುತ್ತಿತ್ತು, ಅದೂ ಸದ್ದಿಲ್ಲದೆ. ಹಿಂಡುವ ತೊಟ್ಟಿ ತಿರುಗುತ್ತಿದ್ದರೆ ಪಕ್ಕದ ಕೋಣೆಯಲ್ಲಿ ಮಲಗಿದ ಕೂಸಿಗೂ ಎಚ್ಚರವಾಗಬಾರದು ಎಂಬುದು ಅವರ ಹಟ.

ಆ ಹಟದಲ್ಲೇ ಅವರು ಒಂದು ಕೆಲಸ ಮಾಡುತ್ತಿದ್ದರು. ಹಿಂಡುವ ತೊಟ್ಟಿಯ ಮುಚ್ಚಳ ತೆರೆದ ಕೂಡಲೇ ಒಳಗಿನ ತಂತಿಯೊಂದು ಸಡಿಲವಾಗಿ, ಬ್ರೇಕಿನ ಪಟ್ಟಿ ಬಂದು ಕಚ್ಚಿಕೊಂಡು, ತೊಟ್ಟಿ ನಾಲ್ಕೈದು ಸೆಕೆಂಡಿನಲ್ಲಿ ನಿಂತುಬಿಡುತ್ತದೆ. ಹಳೆಯದಾದ ಮೇಲೆ ಆ ಪಟ್ಟಿ ಸುಮ್ಮನೆ ಇರುವುದಿಲ್ಲ. ತಿರುಗುವಾಗಲೂ ಉಜ್ಜುತ್ತದೆ, ಕಿರುಗುಟ್ಟುತ್ತದೆ, ಮೋಟಾರನ್ನು ಬಿಸಿ ಮಾಡಿ ಸುಡುತ್ತದೆ. ಹೊಸ ಪಟ್ಟಿ ಎಲ್ಲಿಯೂ ಸಿಗುವುದಿಲ್ಲ. ಹಾಗಾಗಿ ಭಾವ ಅದನ್ನು ಹಿಂದಕ್ಕೆಳೆದು ಒಂದು ತಂತಿಯಿಂದ ಕಟ್ಟಿಬಿಡುತ್ತಿದ್ದರು. ಮೋಟಾರು ಉಳಿಯಿತು, ಸದ್ದು ಹೋಯಿತು. ಮುಚ್ಚಳ ತೆರೆದು ಮೋಟಾರು ನಿಂತ ಮೇಲೂ ತೊಟ್ಟಿ ತನ್ನ ಪಾಡಿಗೆ ಎರಡು ನಿಮಿಷ ತಿರುಗುತ್ತಿತ್ತು. ತಿರುಗಿದರೆ ತಿರುಗಲಿ, ಕಣ್ಣಿದ್ದವರಿಗೆ ಕಾಣುವುದಿಲ್ಲವೇ ಎಂದುಕೊಂಡಿದ್ದರು.

ಹೋದ ವರ್ಷ ಒಂದು ಮಧ್ಯಾಹ್ನ ನಾನು ಅಂಗಡಿಗೆ ಊಟದ ಡಬ್ಬಿ ಕೊಡಲು ಹೋಗಿದ್ದಾಗ ಹಿಂದಿನ ಬೀದಿಯ ಹೊಲಿಗೆಯಮ್ಮ ಬಂದಳು. ಬಲಗೈ ಮೊಣಕೈವರೆಗೂ ಬ್ಯಾಂಡೇಜು.

"ಮಷಿನ್ ಸ್ವಲ್ಪ ಅಲುಗಾಡ್ತಿದೆ ಅಣ್ಣ, ಬಂದು ನೋಡಿ" ಎಂದಳು.

"ಕೈಗೇನಾಯ್ತು?" ಎಂದು ನಾನು ಕೇಳಿದೆ.

"ಅಯ್ಯೋ, ನಂದೇ ತಪ್ಪು. ಬಚ್ಚಲಲ್ಲಿ ಬೆಳಕು ಕಮ್ಮಿ. ಸದ್ದಿಲ್ವಲ್ಲ, ನಿಂತಿದೆ ಅಂದ್ಕೊಂಡು ಕೈ ಹಾಕ್ದೆ. ಒದ್ದೆ ಸೀರೆ ಸುತ್ಕೊಂಡು ಎಳೆದುಬಿಡ್ತು. ಎರಡು ಬೆರಳು ಇನ್ನು ಮಡಚಲ್ಲ ಅಂತಾರೆ ಡಾಕ್ಟ್ರು." ಹೇಳಿ ನಕ್ಕಳು ಬೇರೆ. "ನಿಮ್ಮ ರಿಪೇರಿ ಅಷ್ಟು ಚೆನ್ನಾಗಿದೆ ನೋಡಿ ಅಣ್ಣ!"

ಭಾವ ತಟ್ಟನೆ ಎದ್ದರು. ಚೀಲ ಎತ್ತಿಕೊಂಡು ಅವಳ ಹಿಂದೆಯೇ ಹೋದರು. ಅವಳ ಬೆರಳೇ ಅವಳ ಅನ್ನ ಎಂಬುದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಡಬ್ಬಿ ಅಲ್ಲೇ ಆರಿ ತಣ್ಣಗಾಯಿತು.

ಮೂರನೇ ದಿನ ಬೆಳಿಗ್ಗೆ ಭಾವ ನಮ್ಮ ಮನೆ ಬಾಗಿಲಿಗೆ ಬಂದು, "ನಿನ್ನ ಸ್ಕೂಟರ್ ತೆಗಿ" ಎಂದರು. ಮುಖ ಕಳೆಗುಂದಿತ್ತು. ದಾರಿಯಲ್ಲಿ ಹಿಂದೆ ಕೂತು, ನನ್ನ ಬೆನ್ನಿಗೆ ಹೇಳುವಂತೆ ಎಲ್ಲವನ್ನೂ ಹೇಳಿದರು. ಹಾಗೆ ಬ್ರೇಕ್ ಕಟ್ಟಿದ ಮಷಿನ್‌ಗಳು ಇಪ್ಪತ್ತಾರು. ಒಂದಾಯಿತು, ಇನ್ನು ಇಪ್ಪತ್ತೈದು ಮನೆ. ಯಾವ ಮನೆಯಲ್ಲಿ ಯಾರ ಕೈ ಯಾವತ್ತು ಹೋಗುತ್ತದೋ ಗೊತ್ತಿಲ್ಲ.

ಇನ್ನೊಂದು ಪೇಚಾಟವೂ ಇತ್ತು. ಭಾವನಿಗೆ ಮಷಿನ್ ನೆನಪಿರುತ್ತದೆ, ಮನೆ ನೆನಪಿರುವುದಿಲ್ಲ. "ಹಸಿರು ಮುಚ್ಚಳದ್ದು ಒಂದು, ಎಡಗಾಲು ಸೊಟ್ಟಗಿದ್ದದ್ದು ಒಂದು" ಎಂದು ಅವರು ಹೇಳಬೇಕು, "ಹಸಿರು ಮುಚ್ಚಳದ್ದು ಬೇಕರಿಯವರ ತಂಗಿ ಮನೇದು, ಅವಳ ಮಗಳಿಗೆ ಮದುವೆ ಆಗಿ ಮಹಡಿ ಮನೆಗೆ ಹೋದ್ರಲ್ಲ" ಎಂದು ಅಕ್ಕ ಹೇಳಬೇಕು. ಮಷಿನ್ ಬಿಟ್ಟುಹೋಗಲು ಬಂದವರನ್ನೆಲ್ಲ ಕೂರಿಸಿಕೊಂಡು ಅಕ್ಕ ಅಷ್ಟು ವರ್ಷ ಹರಟೆ ಹೊಡೆದದ್ದು ಈಗ ಉಪಯೋಗಕ್ಕೆ ಬಂತು.

ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಮನೆ. ಭಾವ ಹೋಗಿ, "ಸರ್ವಿಸು, ಪುಕ್ಕಟೆ" ಎನ್ನುತ್ತಿದ್ದರು. ಪುಕ್ಕಟೆ ಎಂದ ಕೂಡಲೇ ಜನ ಅನುಮಾನದಿಂದ ಮೇಲಿಂದ ಕೆಳಗೆ ನೋಡುತ್ತಿದ್ದರು. ಮಷಿನ್ನನ್ನು ಗೋಡೆಯಿಂದ ಎಳೆದು, ಹಿಂದಿನ ತಗಡು ಬಿಚ್ಚಿ, ತಂತಿ ಕತ್ತರಿಸಿ ಬ್ರೇಕನ್ನು ಬಿಡುತ್ತಿದ್ದರು. ಮತ್ತೆ ಚಾಲೂ ಮಾಡಿದರೆ ಕಿರ್ರೋ ಎನ್ನುತ್ತಿತ್ತು. "ಚೆನ್ನಾಗಿದ್ದದ್ದನ್ನ ಕೆಡಿಸಿದ್ರಲ್ಲ ಮೇಸ್ತ್ರಿ!" ಎಂದು ಎಲ್ಲರೂ ಮುಖ ಸಿಂಡರಿಸುತ್ತಿದ್ದರು. ಭಾವ ತಲೆ ತಗ್ಗಿಸಿ ಹೊರಗೆ ಬರುತ್ತಿದ್ದರು. ನನ್ನಿಂದ ತಪ್ಪಾಗಿದೆ ಎಂಬ ಎರಡು ಮಾತು ಅವರ ಗಂಟಲು ದಾಟುತ್ತಿರಲಿಲ್ಲ.

ಹೊಲಿಗೆಯಮ್ಮ ಬಂದುಹೋದ ಎಂಟನೇ ದಿನ, ರಿಟೈರಾದ ಪೋಸ್ಟ್‌ಮ್ಯಾನ್ ಅಂಗಡಿ ಮುಂದೆ ನಿಂತು ಗೆಲುವಿನಿಂದ ಹೇಳಿದರು: "ನೀವು ಕೆಡಿಸಿ ಹೋದ್ರಲ್ಲ, ಬೇರೆಯವನನ್ನ ಕರೆಸಿ ಆ ಪಟ್ಟೀನೇ ಕೀಳಿಸಿಬಿಟ್ಟೆ. ಈಗ ಮೊದಲಿನ ಹಾಗೇ, ಪಿಟ್ ಅನ್ನಲ್ಲ!"

ನನಗೆ ತಡೆಯಲಾಗಲಿಲ್ಲ. ಅವರ ಎದುರೇ ಭಾವನ ಮೇಲೆ ಹರಿಹಾಯ್ದೆ. "ಬಾಯಿಗೇನು ಬೀಗ ಹಾಕ್ಕೊಂಡಿದ್ದೀರಾ ಭಾವ? ಯಾಕೆ ಅಂತ ಹೇಳ್ದೆ ಇದ್ರೆ ಎಲ್ರೂ ಹೀಗೇ ಮಾಡ್ತಾರೆ! ನಿಮ್ಮ ಹೆಸರು ದೊಡ್ಡದೋ, ಇವರ ಕೈ ದೊಡ್ಡದೋ?"

ಭಾವ ಚೀಲ ಹಿಡಿದು ಹೊರಟರು. ಪೋಸ್ಟ್‌ಮ್ಯಾನರ ಮಷಿನ್ನಿಗೆ ಕಿತ್ತ ಹಳೇ ಪಟ್ಟಿಯನ್ನೇ ಮತ್ತೆ ಕೂರಿಸಿ ಬಂದರು, ಆದರೆ ಅಲ್ಲಿಯೂ "ಕಾನೂನು ಬದಲಾಗಿದೆ" ಎಂದು ಏನೋ ಕತೆ ಕಟ್ಟಿದರಂತೆ. ನಾನು ಎರಡು ದಿನ ಮಾತು ಬಿಟ್ಟೆ. ಸ್ಕೂಟರ್ ಮಾತ್ರ ಓಡಿಸಿದೆ.

ಹನ್ನೊಂದನೇ ದಿನ ಹೋದದ್ದು ಮೂರನೇ ಮಹಡಿಯ ಒಂದು ಮನೆ. ಹಾಸಿಗೆ ಕೋಣೆಗೆ ಹೊಂದಿಕೊಂಡ ಕಿರಿದಾದ ಬಾಲ್ಕನಿ, ಅಲ್ಲಿ ಮಷಿನ್. ಮಷಿನ್ನಿಗೆ ಒತ್ತಿ ಒಂದು ಪ್ಲಾಸ್ಟಿಕ್ ಸ್ಟೂಲು. ಸ್ಟೂಲಿನ ಮೇಲೆ ನಾಲ್ಕು ವರ್ಷದ ಹುಡುಗಿ.

"ಅವಳದೇ ಡ್ಯೂಟಿ. ಹಿಂಡಿದ ಬಟ್ಟೆ ಎತ್ತಿ ನನಗೆ ಕೊಡ್ತಾಳೆ" ಎಂದಳು ತಾಯಿ ಹೆಮ್ಮೆಯಿಂದ. "ಮಷಿನ್ ಮುಟ್ಟಬೇಡಿ ಮೇಸ್ತ್ರಿ. ನಮ್ಮತ್ತೆ ಕಾಲದಿಂದ ಸರಿಯಾಗಿದೆ. ಕೆಳಗಿನ ಮನೆಯವ್ರು ಹೇಳಿದ್ರು, ನೀವು ಬಂದ್ಮೇಲೆ ಕಿರ್ರೋ ಅಂತಿದೆಯಂತೆ."

ಭಾವ ಆ ಸ್ಟೂಲನ್ನೇ ನೋಡುತ್ತಿದ್ದರು. ಹುಡುಗಿಯನ್ನು ಎತ್ತಿ ತಾಯಿಯ ಕೈಗೆ ಕೊಟ್ಟರು. ಮಷಿನ್ ಚಾಲೂ ಮಾಡಿ, ಒಂದು ನಿಮಿಷ ಬಿಟ್ಟು ಮುಚ್ಚಳ ತೆರೆದರು. ಇದ್ದ ಸಣ್ಣ ಸದ್ದೂ ನಿಂತಿತು. ಒಳಗೆ ಬಟ್ಟೆ ಗೋಡೆಗಂಟಿಕೊಂಡು ಅಲುಗಾಡದೆ ಇದ್ದಂತೆ ಕಂಡಿತು. ನನಗೂ ಹಾಗೆಯೇ ಕಂಡಿತು, ಗೊತ್ತಿದ್ದ ನನಗೂ! ಭಾವ ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಒಳಗೆ ಇಳಿಬಿಟ್ಟರು. ಟಪ್ಪೆಂದು ಅದು ಅವರ ಕೈಯಿಂದ ಕಿತ್ತುಹೋಯಿತು. ಮಷಿನ್ ಒಮ್ಮೆ ಎದ್ದು ಕುಕ್ಕರಿಸಿತು. ಹುಡುಗಿ ಚಪ್ಪಾಳೆ ತಟ್ಟಿ, "ಇನ್ನೊಂದ್ಸಲ!" ಎಂದಳು.

"ಬ್ರೇಕನ್ನ ನಾನೇ ಕಟ್ಟಿದ್ದೆ, ತಾಯಿ. ಸದ್ದು ಬರಬಾರ್ದು ಅಂತ. ತಪ್ಪು ನಂದು" ಎಂದರು ಭಾವ.

ತಾಯಿಯ ಮುಖ ಬಿಳಿಚಿಕೊಂಡಿತ್ತು. "ಇದು ನಿಮಗೆ ಗೊತ್ತಾಗಿ ಎಷ್ಟು ದಿನ ಆಯ್ತು?"

"ಹನ್ನೊಂದು ದಿನ."

"ಹನ್ನೊಂದು ದಿನ ನನ್ನ ಮಗು ಈ ಸ್ಟೂಲ್ ಮೇಲೆ ನಿಂತಿತ್ತು" ಎಂದಳು ಅವಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಕೆಲಸ ಮುಗಿಯುವವರೆಗೂ ಮಗುವನ್ನು ಬಿಗಿಯಾಗಿ ಹಿಡಿದು ನಿಂತಿದ್ದು, ನಾವು ಹೊಸ್ತಿಲು ದಾಟಿದ ಕೂಡಲೇ ಬಾಗಿಲು ಹಾಕಿಕೊಂಡಳು.

ಅವತ್ತಿನಿಂದ ಭಾವ ಬಾಗಿಲಲ್ಲೇ ಹೇಳತೊಡಗಿದರು. ಮೊದಲು ಹೋದ ಮನೆಗಳಿಗೂ ವಾಪಸು ಹೋಗಿ ಹೇಳಿದರು. ಹೊಲಿಗೆಯಮ್ಮನಿಗೆ ಹೇಳಿದ ದಿನ ನಾನು ಹೊರಗೇ ನಿಂತಿದ್ದೆ. ಅವಳು ಈಗ ನಮ್ಮ ಬೀದಿಗೆ ಬರುವುದಿಲ್ಲ. ಅಂಗಡಿಗೂ ಜನ ಬರುವುದು ಕಡಿಮೆಯಾಗಿದೆ. ಅದಕ್ಕೆ ಅವರು ಕೊರಗುವುದಿಲ್ಲ.

ಕೊರಗು ಬೇರೆಯದು. ಇಪ್ಪತ್ತೈದು ಸಿಕ್ಕವು. ಇಪ್ಪತ್ತಾರನೆಯದು, ಆ ಹಸಿರು ಮುಚ್ಚಳದ್ದು, ಸಿಗಲಿಲ್ಲ. ಬೇಕರಿಯವರ ತಂಗಿ ಮನೆಯವರು ಅದನ್ನು ಗುಜರಿಗೆ ಹಾಕಿದ್ದರು. ಗುಜರಿಯವನು, "ಅದು ಓಡ್ತಿತ್ತಲ್ಲ ಸಾರ್, ಒಡೆಯೋಕೆ ಮನಸ್ಸು ಬರ್ಲಿಲ್ಲ. ಯಾರೋ ಗಂಡ ಹೆಂಡ್ತಿ ಗಾಡೀಲಿ ಹಾಕ್ಕೊಂಡು ಹೋದ್ರು. ಸೊಂಟದಲ್ಲಿ ಒಂದು ಕೂಸಿತ್ತು" ಎಂದ. ಯಾವ ಕಡೆ ಹೋದರೆಂದು ಅವನಿಗೆ ಗೊತ್ತಿಲ್ಲ.

ಈಗ ಭಾನುವಾರ ಬಂದರೆ ಭಾವ ಹೊಸ ಬಡಾವಣೆಗಳ ಬೀದಿಯಲ್ಲಿ ನಡೆಯುತ್ತಾರೆ. ಯಾರದೋ ಬಾಲ್ಕನಿ, ಯಾರದೋ ಹಿತ್ತಿಲ ಕಡೆ ಕತ್ತೆತ್ತಿ ನಿಂತುಬಿಡುತ್ತಾರೆ. ಏನು ಕೇಳಿಸಿಕೊಳ್ಳುತ್ತಾರೆ? ಸದ್ದೇ ಇಲ್ಲದ್ದನ್ನು ಯಾವ ಕಿವಿ ಹುಡುಕಬಲ್ಲದು? ಜನ ಕಳ್ಳನೆಂದು ತಿಳಿದಾರು ಎಂದು ನಾನೂ ಜೊತೆಗೆ ಹೋಗುತ್ತೇನೆ.

ಹೋದ ವಾರ ಅವರು ಒಂದು ಗೇಟಿನ ಮುಂದೆ ಸುಸ್ತಾಗಿ ಕೂತರು. ಸಮಾಧಾನ ಮಾಡೋಣವೆಂದು, "ಬಿಡಿ ಭಾವ, ಅದೆಷ್ಟು ಹಳೇದು! ಇಷ್ಟೊತ್ತಿಗೆ ಕೆಟ್ಟು ಮೂಲೆ ಸೇರಿರುತ್ತೆ" ಎಂದೆ.

ಭಾವ ತಲೆಯಾಡಿಸಿದರು. "ಇಲ್ಲ ಕಣೇ. ಅದರ ಬೇರಿಂಗು, ಬುಷ್ಷು ಎಲ್ಲ ನನ್ನ ಕೈಯಾರೆ ಹಾಕಿದ್ದು. ಇನ್ನು ಹತ್ತು ವರ್ಷ ಅದು ಕೆಡಲ್ಲ."